ಕತ್ತರಿಯಿಂದ ನಿರ್ದೇಶನಕ್ಕೆ

ಚಲಚ್ಚಿತ್ರದ ಸಂಕಲನವೆಂದರೆ ಕತ್ತರಿಸಿ ಅಂಟಿಸುವ ಕೈಕೆಲಸವೇ ಹೊರತು ಅದರಲ್ಲಿ ಬುದ್ಧಿಗೆ ಎಡೆಯಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ಅಮೆರಿಕೆಯ ಮಿಸ್ ಡೊರೊಥಿ ಆರ್ಜ್ನರ್ ಅವರು 1919ರಲ್ಲಿ ಹಾಲಿವುಡ್ಡಿನ ಚಿತ್ರಸಂಸ್ಥೆಯೊಂದಕ್ಕೆ ಬೆರಳಚ್ಚುಗಾರ್ತಿಯಾಗಿ ಸೇರಿ, ಬಳಿಕ ಸಂಕಲನವನ್ನು ಕಲಿತರು. 1922ರ ‘ಬ್ಲಡ್ ಅಂಡ್ ಸ್ಯಾಂಡ್’ ಚಿತ್ರದಲ್ಲಿ, ಬೇರೆಡೆ ತೆಗೆದಿದ್ದ ನಿಜವಾದ ಗೂಳಿಕಾಳಗದ ತುಣುಕುಗಳನ್ನು ನಟ ವ್ಯಾಲೆಂಟಿನೋವಿನ ಮುಖದೃಶ್ಯಗಳೊಡನೆ ಬೆಸೆದು, ನಟನೇ ಗೂಳಿಯೆದುರು ನಿಂತಂತೆ ತೋರಿಸಿದರು. ಯಾವುದನ್ನು ತೋರಿಸಬೇಕು, ಎಷ್ಟು ಹೊತ್ತು, ಅದರ ಹಿಂದೆಯೇ ಯಾವುದು ಬರಬೇಕು ಎಂಬ ಈ ವಿವೇಚನೆಯೇ ಅಲ್ಲವೆ ನಿರ್ದೇಶನದ ಜೀವಾಳ?

ಆದರೂ ಪದವಿಯು ತಾನಾಗಿ ಅರಸಿ ಬರಲಿಲ್ಲ. ಬೇರೊಂದು ಸಂಸ್ಥೆಗೆ ಹೊರಟುಹೋಗುವೆನೆಂದು ಅವರು ಪಟ್ಟುಹಿಡಿದ ಮೇಲೆಯೇ 1927ರಲ್ಲಿ ‘ಫ್ಯಾಷನ್ಸ್ ಫಾರ್ ವಿಮೆನ್’ ಚಿತ್ರದ ನಿರ್ದೇಶನವು ದೊರೆಯಿತು. ಹೆಣ್ಣುಮಕ್ಕಳಿಗೆ ಮೌನವೊಂದೇ ಭೂಷಣವೆಂದು ಬೋಧಿಸುವ ತಂದೆತಾಯಿಗಳು ಈ ಸಂಗತಿಯನ್ನು ತುಸು ಆಲೋಚಿಸಬೇಕೆಂದು ನಮ್ಮ ಬಿನ್ನಹ. 1929ರ ‘ದಿ ವೈಲ್ಡ್ ಪಾರ್ಟಿ’ ಎಂಬ ವಾಕ್ಚಿತ್ರದಲ್ಲಿ, ನಟಿ ಕ್ಲಾರಾ ಬೋ ನಿರಾತಂಕವಾಗಿ ಓಡಾಡಲೆಂದು ಧ್ವನಿಗ್ರಾಹಕ ಯಂತ್ರವನ್ನು ಮೀನುಗಾಳದ ಕೋಲಿಗೆ ಕಟ್ಟಿಸಿ ಮೇಲಿನಿಂದ ತೂಗಿಸಿದವರೂ ಇವರೇ. 1943ರವರೆಗೆ ಚಿತ್ರಗಳನ್ನು ನಿರ್ದೇಶಿಸಿ, ಮುಂದೆ ಲಾಸ್ ಏಂಜಲೀಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಈ ಕಲೆಯನ್ನು ಬೋಧಿಸಿದರು. ಪ್ರಖ್ಯಾತ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ಶಿಷ್ಯರಲ್ಲೊಬ್ಬರು.