ಆ ಅಜ್ಜಿಯ ಪಾಲು

ಸ್ಟುಟ್‌ಗಾರ್ಟಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಸೋದರಳಿಯ ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಹೋದ ತಿಂಗಳು ಮಾಡಿದಾಗ ಸಂಬಳದ ಚೀಟಿಯನ್ನು ಎದುರಿಗಿಟ್ಟುಕೊಂಡೇ ಕೂತಿದ್ದನೆಂದು ಕಾಣುತ್ತದೆ. "ಪಿಂಚಣಿ ವಿಮೆಗೆ ಅಂತ ನೂರಕ್ಕೆ 9.3 ಮುರ್ಕೊಳ್ತಾರೆ ಮಾವ. ಕಂಪನಿಯೂ ಅಷ್ಟೇ ಕಟ್ಟುತ್ತೆ. ಇದು ಸಾಲದು, ಇನ್ನೂ ಏರಿಸ್ತಾರಂತೆ. ಇಲ್ಲಿನ ಅಜ್ಜಿಯರನ್ನ ಸಾಕೋಕೆ ನಾನು ತುಮಕೂರಿನಿಂದ ಬರಬೇಕಿತ್ತಾ?" ಎಂದ. ಫೋನ್ ಇಡುವ ಮುಂಚೆ, "ಅಮ್ಮನ ಖಾತೆಗೆ ಈ ತಿಂಗಳ ದುಡ್ಡು ಹಾಕಿದೀನಿ, ಬಂತಾ ಅಂತ ಸ್ವಲ್ಪ ಕೇಳಿ" ಎಂದೂ ಹೇಳಿದ.

ಈ ಎರಡು ಮಾತಿಗೂ ಸಂಬಂಧವಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಅಮ್ಮನಿಗೆ ಕಳಿಸಿದ್ದು ಮಗನ ಧರ್ಮ, ಜರ್ಮನಿಯ ಅಜ್ಜಿಗೆ ಹೋದದ್ದು ಹಗಲುದರೋಡೆ. ಅಮ್ಮನಿಗೆ ಕಳಿಸಬೇಕಾಗಿ ಬಂದದ್ದು ಯಾಕೆ? ನನ್ನ ಭಾವ ಖಾಸಗಿ ಮಿಲ್ಲೊಂದರಲ್ಲಿ ಮೈ ಹಣ್ಣಾಗುವ ತನಕ ದುಡಿದವರು. 1995ರಲ್ಲಿ ಬಂದ ನಮ್ಮ ನೌಕರರ ಪಿಂಚಣಿ ಯೋಜನೆ, ಜನರ ಬಾಯಲ್ಲಿ ಇಪಿಎಸ್, ಮಾಲೀಕರ ಪಾಲಿನಿಂದ ನೂರಕ್ಕೆ 8.33 ತೆಗೆದುಕೊಳ್ಳುತ್ತದೆ. ಅದೂ ಒಂದು ಮಿತಿಯೊಳಗಿನ ಸಂಬಳದ ಮೇಲೆ ಮಾತ್ರ. 2014ರಲ್ಲಿ ಆ ಮಿತಿ 15,000 ರೂಪಾಯಿಗೆ ಏರಿತು, ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದಾಯಿತು. ಭಾವ ತೀರಿಕೊಂಡ ಮೇಲೆ ಅಕ್ಕನ ಕೈಗೆ ಬರುವುದು ಸಾವಿರದ ಚಿಲ್ಲರೆ. ಬಿಪಿ, ಶುಗರ್ ಮಾತ್ರೆಗೇ ಅದು ಮುಗಿದುಹೋಗುತ್ತದೆ. ಉಳಿದದ್ದು ಸ್ಟುಟ್‌ಗಾರ್ಟಿನಿಂದ ಬರಬೇಕು. ಅವತ್ತು ಮಿಲ್ಲಿನಲ್ಲಿ ಮುರಿಯದೆ ಬಿಟ್ಟದ್ದನ್ನು ಇವತ್ತು ಮಗನ ಸಂಬಳದಿಂದ ಮುರಿಯುತ್ತಿದ್ದೇವೆ, ಚೀಟಿಯಲ್ಲಿ ಆ ಸಾಲು ಇಲ್ಲ ಅಷ್ಟೆ. ಕಳಿಸುವ ಮಗನಿಲ್ಲದ ಅಕ್ಕಂದಿರು ಎಷ್ಟು ಮಂದಿ ಎಂದು ನಮ್ಮ ಓಣಿಯಲ್ಲೇ ಎಣಿಸಬಹುದು.

ಆದ್ದರಿಂದ ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ. ಮುಪ್ಪಾಗುತ್ತಿರುವ ದೇಶಗಳು ಪಿಂಚಣಿಯ ವಂತಿಗೆಯನ್ನು ಏರಿಸುವುದು ಸರಿ. ಮುದುಕರ ಅನ್ನದ ಖರ್ಚು ವಂತಿಗೆ ಏರಿಸಿದ್ದರಿಂದ ಹುಟ್ಟುವುದಿಲ್ಲ, ಏರಿಸದಿದ್ದರೆ ಮಾಯವಾಗುವುದೂ ಇಲ್ಲ. ಅದನ್ನು ಎಲ್ಲರೆದುರು ಲೆಕ್ಕಕ್ಕೆ ಹಿಡಿದು ಹಂಚಿಕೊಳ್ಳುತ್ತೇವೋ, ಇಲ್ಲ ಮನೆಯ ಕದ ಹಾಕಿಕೊಂಡು ಮಗಳ ಮೇಲೋ ಸೊಸೆಯ ಮೇಲೋ ಹೊರಿಸುತ್ತೇವೋ, ಇರುವ ಆಯ್ಕೆ ಇಷ್ಟೇ.

ಜರ್ಮನಿಯಲ್ಲಿ ನನ್ನ ಅಳಿಯನ ಹೆಸರಿನ ಹುಂಡಿಯೇನೂ ಇಲ್ಲ. ಈ ತಿಂಗಳು ಕಟ್ಟಿದ್ದು ಈ ತಿಂಗಳೇ ಪಿಂಚಣಿಯಾಗಿ ಹೊರಗೆ ಹೋಗುತ್ತದೆ. ಮೊದಲು ಹೀಗಿರಲಿಲ್ಲ. 1889ರಲ್ಲಿ ಬಿಸ್ಮಾರ್ಕ್ ತಂದ ಕಾನೂನಿನಲ್ಲಿ ಕಾರ್ಮಿಕನಿಗೊಂದು ಕಾರ್ಡು. ವಾರವಾರ ಅದಕ್ಕೆ ವಂತಿಗೆಯ ಸ್ಟಾಂಪು ಅಂಟಿಸಬೇಕು. ಅರ್ಧ ಮಾಲೀಕನದು, ಅರ್ಧ ಕಾರ್ಮಿಕನದು, ಮೇಲೆ ಸರ್ಕಾರದ ಸಹಾಯಧನ. ಜನ ಇದನ್ನು 'ಅಂಟಿಸುವ ಕಾನೂನು' ಎಂದು ಆಡಿಕೊಂಡರು. ಬಿಸ್ಮಾರ್ಕ್ ತನ್ನ ವಯಸ್ಸನ್ನೇ ನೋಡಿಕೊಂಡು ಪಿಂಚಣಿಗೆ 65 ಎಂದು ಗೊತ್ತು ಮಾಡಿದನೆಂಬ ಕತೆಯನ್ನು ಈಗಲೂ ಭಾಷಣಗಳಲ್ಲಿ ಕೇಳುತ್ತೇವೆ. ಅದು ಬುರುಡೆ. ಕಾನೂನು ಬಂದಾಗ ಆತನಿಗೆ 74, ಕಾನೂನಿನಲ್ಲಿದ್ದ ವಯಸ್ಸು 70. ಅದು 65ಕ್ಕೆ ಇಳಿದದ್ದು 1916ರಲ್ಲಿ, ಆತ ಸತ್ತು ಹದಿನೆಂಟು ವರ್ಷವಾದ ಮೇಲೆ. ಎಪ್ಪತ್ತು ಮುಟ್ಟುವವರೇ ಕಡಿಮೆಯಿದ್ದ ಕಾಲದಲ್ಲಿ ಹಣ ಸೇರುತ್ತಾ ಹೋಯಿತು, ನಿಧಿ ಬೆಳೆಯಿತು, ಭದ್ರವೆಂದು ಸಾಲಪತ್ರಗಳಲ್ಲಿ ತೊಡಗಿಸಿದರು. ಆಮೇಲೆ 1923 ಬಂತು. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಮೂವತ್ತು ವರ್ಷ ಸ್ಟಾಂಪು ಅಂಟಿಸಿ ಕೂಡಿಟ್ಟ ನಿಧಿಯಲ್ಲಿ ಒಂದು ರೊಟ್ಟಿ ಬರುತ್ತಿತ್ತೋ ಇಲ್ಲವೋ. ನಿಧಿ ಹೋಯಿತು, ಪಿಂಚಣಿ ಮಾತ್ರ ನಿಲ್ಲಲಿಲ್ಲ. ಯಾಕೆಂದರೆ ನಿಧಿ ಕರಗಿದ ಮೇಲೂ ಕಾರ್ಖಾನೆಗಳಲ್ಲಿ ದುಡಿಯುವವರು ಇದ್ದರು, ಅವರಿಂದ ವಂತಿಗೆ ಬರುತ್ತಿತ್ತು, ಸಾಲದ್ದನ್ನು ಬೊಕ್ಕಸ ತುಂಬುತ್ತಿತ್ತು. ಮತ್ತೊಂದು ಯುದ್ಧ ಸೋತು, ಮತ್ತೊಮ್ಮೆ ನೋಟು ಬದಲಾದ ಮೇಲೆ 1957ರಲ್ಲಿ ಅಡೆನಾವರ್ ಸರ್ಕಾರ ಪಿಂಚಣಿಯನ್ನು ದುಡಿಯುವವರ ಸಂಬಳಕ್ಕೇ ಗಂಟು ಹಾಕಿತು. ಜನ ಮಕ್ಕಳನ್ನಂತೂ ಹೆತ್ತೇ ಹೆರುತ್ತಾರೆ ಎಂಬರ್ಥದ ಮಾತೊಂದು ಅಡೆನಾವರ್ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಪಾಪ, ಆ ಲೆಕ್ಕ ತಪ್ಪಿತು. 1960ರ ಆಸುಪಾಸಿನಲ್ಲಿ ಒಬ್ಬ ಪಿಂಚಣಿದಾರರಿಗೆ ಆರು ಜನ ಕಟ್ಟುತ್ತಿದ್ದರು, ಈಗ ಸುಮಾರು ಇಬ್ಬರು.

ಈ ಕತೆಯನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಅವರವರ ದುಡ್ಡನ್ನು ಅವರವರ ಹೆಸರಿನಲ್ಲೇ ಕೂಡಿಟ್ಟರೆ ಯಾರ ಹಂಗೂ ಇರುವುದಿಲ್ಲ ಎಂಬ ನಂಬಿಕೆ ಈಗ ವಿದ್ಯಾವಂತರಲ್ಲಿ ಅಂಟುಜಾಡ್ಯದಂತೆ ಹಬ್ಬಿದೆ. ರಾಗಿಯನ್ನಾದರೆ ಹಗೇವಿನಲ್ಲಿ ವರ್ಷಗಟ್ಟಲೆ ಇಡಬಹುದು. 2045ರಲ್ಲಿ ನನ್ನನ್ನು ಮಗ್ಗುಲು ಹೊರಳಿಸಬೇಕಾದ ನರ್ಸಿನ ಒಂದು ಗಂಟೆಯನ್ನು ಇವತ್ತು ಯಾವ ಹಗೇವಿನಲ್ಲಿ ತುಂಬಿಡಲಿ? ನನ್ನ ಖಾತೆಯಲ್ಲಿ ಎಷ್ಟೇ ಇರಲಿ, ಅವತ್ತು ಹಾಲು ಕರೆಯುವವರು, ಬಸ್ಸು ಓಡಿಸುವವರು, ಮಾತ್ರೆ ತಯಾರಿಸುವವರು ಅವತ್ತಿನ ಪ್ರಾಯದವರೇ. ಅವರ ದುಡಿಮೆಯ ಒಂದು ಪಾಲು ನನಗೆ ಬರಲೇಬೇಕು. ವಂತಿಗೆ ಎನ್ನಿ, ಷೇರಿನ ಲಾಭ ಎನ್ನಿ, ಮನೆ ಬಾಡಿಗೆ ಎನ್ನಿ, ಬರುವ ದಾರಿ ಬೇರೆಯಾದೀತು, ಕೊಡುವ ಕೈ ಅದೇ. "ಪಿಎಫ್ ಯಾಕೆ, ಎಸ್‌ಐಪಿ ಹಾಕಿದರೆ ಸಾಕು" ಎನ್ನುವವರು ಚಿಲಿಯ ಕಡೆ ಒಮ್ಮೆ ನೋಡಲಿ: 1981ರಲ್ಲಿ ಪಿನೊಚೆಟ್ ಸರ್ಕಾರ ಜನರನ್ನು ಖಾಸಗಿ ಖಾತೆಗಳಿಗೆ ದಬ್ಬಿ, ತನ್ನ ಸೈನ್ಯವನ್ನು ಮಾತ್ರ ಹಳೆಯ ಪಿಂಚಣಿಯಲ್ಲೇ ಬೆಚ್ಚಗೆ ಇಟ್ಟುಕೊಂಡಿತು.

ದಕ್ಷಿಣ ಕೊರಿಯಾದ ಹುಡುಗರ ಸಿಟ್ಟನ್ನು ಮಾತ್ರ ಹೀಗೆ ಒಂದು ವಾಕ್ಯದಲ್ಲಿ ತಳ್ಳಿಹಾಕಲಾರೆ. 1988ರಲ್ಲಿ ಅಲ್ಲಿ ರಾಷ್ಟ್ರೀಯ ಪಿಂಚಣಿ ಶುರುವಾದಾಗ ಸಂಬಳದ ನೂರಕ್ಕೆ 3 ಕಟ್ಟಿ, ನಲವತ್ತು ವರ್ಷ ಕಟ್ಟಿದರೆ ನೂರಕ್ಕೆ 70 ಕೊಡುತ್ತೇವೆ ಎಂದಿದ್ದರು. ಅಂಥ ಬಡ್ಡಿಯ ಮಾತನ್ನು ನಮ್ಮೂರ ಚೀಟಿ ವ್ಯವಹಾರದವರೂ ಆಡುವುದಿಲ್ಲ. ವಂತಿಗೆ 1998ರಲ್ಲಿ ನೂರಕ್ಕೆ 9 ಆಯಿತು, ಅಲ್ಲೇ ನಿಂತಿತು. ಸರ್ಕಾರಗಳು ಬಂದು ಹೋದವು, ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಪಿಂಚಣಿಯನ್ನೇ ಮೆಲ್ಲಮೆಲ್ಲಗೆ ಕತ್ತರಿಸಿದರು. ಕೊನೆಗೆ 2025ರ ಮಾರ್ಚಿನಲ್ಲಿ, 2026ರಿಂದ ವರ್ಷಕ್ಕೆ ಅರ್ಧದಂತೆ ಏರಿಸಿ 2033ಕ್ಕೆ 13 ಮುಟ್ಟಿಸುವ ಕಾನೂನು ಮಾಡಿದರು. ಪಿಂಚಣಿ ಸಂಬಳದ ನೂರಕ್ಕೆ 43 ಎಂದಾಯಿತು. ಎರಡೂ ಕಡೆಯ ಕಿರಿಯ ಸಂಸದರು ಪಕ್ಷದ ಗೆರೆ ದಾಟಿ ಇದನ್ನು ವಿರೋಧಿಸಿದರು. ಈಗ ಐವತ್ತೈದು ದಾಟಿದವರು ದುಡಿಮೆಯ ಬಹುಪಾಲು 9 ಕಟ್ಟಿ ಪಾರಾದರು, ನಾವು 13 ಕಟ್ಟಬೇಕು, ನಮ್ಮ ಸರದಿ ಬರುವಾಗ ನಿಧಿ ಬರಿದು ಎಂಬುದು ಅವರ ದೂರು. ದೂರಿನಲ್ಲಿ ಸುಳ್ಳಿಲ್ಲ. ಆದರೆ ಅದು ಬೊಟ್ಟು ಮಾಡುವುದು ಏರಿಕೆಯತ್ತ ಅಲ್ಲ, ಏರಿಸದೆ ಕಳೆದ ಇಪ್ಪತ್ತೇಳು ವರ್ಷಗಳತ್ತ. 1998ರ ನಂತರ ವರ್ಷಕ್ಕೆ ಕಾಲು ಕಾಲು ಏರಿಸುತ್ತ ಹೋಗಿದ್ದರೆ ಆ ಐವತ್ತೈದರವರ ಜೇಬಿನಿಂದಲೂ ಬರುತ್ತಿತ್ತು. ಇವತ್ತು ಮುಂದಕ್ಕೆ ಹಾಕಿದರೆ ಇದೇ ಅನ್ಯಾಯ ಈಗ ತೊಟ್ಟಿಲಲ್ಲಿರುವವರಿಗೆ ಆಗುತ್ತದೆ. ಮುದುಕರನ್ನು ಕೊಬ್ಬಿಸಲು ಹುಡುಗರನ್ನು ಸುಲಿಯುತ್ತಿದ್ದಾರೆ ಎನ್ನುವವರು ಇನ್ನೊಂದನ್ನೂ ಗಮನಿಸಬೇಕು: ಕೊರಿಯಾದ ಹಿರಿಯರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಬಡವರು.

ಜಪಾನ್ ಆ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿತು. 2004ರಲ್ಲಿ ನೂರಕ್ಕೆ 13.58 ಇದ್ದದ್ದನ್ನು ವರ್ಷಕ್ಕೆ 0.354ರಂತೆ ಏರಿಸಿ 2017ಕ್ಕೆ 18.3ಕ್ಕೆ ಮುಟ್ಟಿಸಿತು. ಮುಂದೇನೆಂದು ಹುಡುಗರಿಗೂ ಗೊತ್ತಿತ್ತು, ಅಂಗಡಿ ನಡೆಸುವವನಿಗೂ ಗೊತ್ತಿತ್ತು. ಆದರೆ ಅಲ್ಲಿಗೆ ಬೀಗ ಹಾಕಿಬಿಟ್ಟರು. ಇನ್ನು ಕೊರತೆ ಬಿದ್ದಷ್ಟೂ ಪಿಂಚಣಿಯನ್ನೇ ಬೆಲೆಗಳಿಗಿಂತ ನಿಧಾನವಾಗಿ ಏರಿಸಿ ಸವೆಸುತ್ತಾರೆ. ಆ ಬೀಗವನ್ನು ನಾನು ಮೆಚ್ಚಲಾರೆ. ಎಂಬತ್ತು ದಾಟಿದ ಹೆಂಗಸು ಹೆಚ್ಚಿಗೆ ದುಡಿಯಲಾರಳು, ಮುಷ್ಕರ ಹೂಡಲಾರಳು. ಕತ್ತರಿ ಹಾಕಲು ಸಲೀಸಾದ ಜಾಗ ಅದು.

ವಂತಿಗೆ ಬೀಳುವುದು ಕೂಲಿ ಸಂಬಳದ ಮೇಲೆ ಮಾತ್ರ ಎಂಬುದು ಕೊರಿಯಾದ ಹುಡುಗರ ದೂರಿಗಿಂತ ಗಟ್ಟಿಯಾದ ಆಕ್ಷೇಪ. ಜರ್ಮನಿಯಲ್ಲಿ ಪಿಂಚಣಿ, ಆರೋಗ್ಯ, ನಿರುದ್ಯೋಗ, ಆರೈಕೆ ವಿಮೆ ಎಲ್ಲ ಸೇರಿಸಿದರೆ ಸಂಬಳದ ನೂರಕ್ಕೆ 40 ದಾಟುತ್ತದೆ. ಇದನ್ನು ನೋಡಿ ಹತ್ತು ಜನರನ್ನಿಟ್ಟುಕೊಂಡ ಸಣ್ಣ ಮಾಲೀಕ ಹನ್ನೊಂದನೆಯವನನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾನೆ. ಅತ್ತ ತಿಂಗಳಿಗೆ 8,450 ಯೂರೋದ ಮೇಲೆ ಎಷ್ಟೇ ಸಂಬಳವಿರಲಿ, 2026ರ ಲೆಕ್ಕದಲ್ಲಿ, ಪಿಂಚಣಿಗೆ ಒಂದು ಪೈಸೆ ಹೆಚ್ಚು ಕಟ್ಟಬೇಕಿಲ್ಲ. ಕಾಯಂ ಸರ್ಕಾರಿ ಅಧಿಕಾರಿಗಳು ಈ ವಿಮೆಯ ಹೊರಗೆ. ಇದನ್ನೆಲ್ಲ ಚರ್ಚಿಸುವ ಸಂಸದರೂ ಹೊರಗೆ! ಇದನ್ನು ಸರಿಪಡಿಸದೆ ಬರೀ ದರ ಏರಿಸುವುದು ಗೂಳಿಯನ್ನು ಬಿಟ್ಟು ಹಸುವಿಗೆ ಮೂಗುದಾರ ಹಾಕಿದಂತೆ. ಪಕ್ಕದ ಆಸ್ಟ್ರಿಯಾದಲ್ಲಿ ಹೊಸ ಸರ್ಕಾರಿ ನೌಕರರನ್ನೂ ಸಾಮಾನ್ಯ ಪಿಂಚಣಿಯ ನಿಯಮಗಳಡಿ ತರುತ್ತಿದ್ದಾರೆ. ಅಲ್ಲಿನ ವಂತಿಗೆ ನೂರಕ್ಕೆ 22.8, ಅದರಲ್ಲಿ ಹೆಚ್ಚಿನ ಪಾಲು ಮಾಲೀಕರದು. ಪಿಂಚಣಿ ಜರ್ಮನಿಯದಕ್ಕಿಂತ ಎಷ್ಟೋ ಮೇಲು. ಬೊಕ್ಕಸದಿಂದಲೂ ಸಾಕಷ್ಟು ಸುರಿಯುತ್ತಾರೆ, ಆ ತಲೆನೋವು ಅವರಿಗಿದೆ. ಆದರೆ ದರ 20 ದಾಟಿದರೆ ಕೈಗಾರಿಕೆ ನೆಲ ಕಚ್ಚುತ್ತದೆ ಎಂದು ಹೆದರಿಸುವವರು ವಿಯೆನ್ನಾಕ್ಕೆ ಹೋಗಿ ಬರಲಿ. ಅಷ್ಟು ದೂರ ಯಾಕೆ, ಜರ್ಮನಿಯಲ್ಲೇ 1997ರಲ್ಲಿ ದರ 20.3 ಇತ್ತು. ದೇಶ ಆಗಿನದಕ್ಕಿಂತ ಎಷ್ಟೋ ಮುಪ್ಪಾಗಿದೆ, ವಂತಿಗೆ 18.6ಕ್ಕೆ ಇಳಿದಿದೆ.

ನಿವೃತ್ತಿಯ ವಯಸ್ಸನ್ನೇ ಮುಂದೂಡಿದರಾಯಿತು ಎನ್ನುವವರು ಹೆಚ್ಚಾಗಿ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು. ಹಂಚು ಹೊದಿಸುವವನ ಮಂಡಿಯನ್ನು ಅವರು ಕೇಳಿಲ್ಲ. ಬಡವ ಬೇಗ ಸಾಯುತ್ತಾನೆ. ವಯಸ್ಸು ಏರಿಸಿದಷ್ಟೂ ಅವನು ಕಟ್ಟಿದ್ದು ಹೆಚ್ಚು ಬದುಕುವ ಸಿರಿವಂತನಿಗೆ ಸೇರುತ್ತದೆ.

ನನ್ನ ವಾದವೇ ತಡವರಿಸುವ ಜಾಗ ಇನ್ನೊಂದಿದೆ, ಅದು ನಮ್ಮ ಬೆಂಗಳೂರಿನಲ್ಲೇ ಇದೆ. 2016ರ ಏಪ್ರಿಲ್‌ನಲ್ಲಿ ಪಿಎಫ್‌ನ ಮಾಲೀಕರ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಊರೇ ನಿಂತುಹೋಯಿತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಮುಂದಿನದನ್ನು ಯೋಚಿಸದವರು, ಮುಪ್ಪಿಗೆ ಇಡುವ ದುಡ್ಡನ್ನು ಈಗಲೇ ತಿನ್ನುವವರು ಎಂದು ಅವರನ್ನು ಆಗ ಕೆಲವರು ಜರಿದರು. ಹೊಲಿಗೆ ಮಿಷನ್ನಿನ ಮುಂದೆ ಟಾರ್ಗೆಟ್ ಮುಗಿಸುತ್ತ ನಲವತ್ತಕ್ಕೇ ಸೊಂಟ ಕಳೆದುಕೊಂಡು ಕೆಲಸ ಬಿಡುವವಳಿಗೆ 58 ಎಂಬುದು ಯಾವ ಲೋಕದ ಮಾತು? ಮಗಳ ಫೀಸು, ಊರಿನ ಸಾಲ, ಗಂಡನ ಆಸ್ಪತ್ರೆ, ಎಲ್ಲಕ್ಕೂ ಅವಳಿಗಿರುವುದು ಆ ಒಂದು ಗಂಟು. ಅವಳು ವಿವೇಕಿ. ತನಗೆ ಏನೂ ಹಿಂತಿರುಗಿಸುವ ಗುಣ ತೋರಿಸದ ವ್ಯವಸ್ಥೆಯ ಕೈಗೆ ಗಂಟು ಕೊಡಲೊಲ್ಲೆ ಎಂದಳು. ಕನಿಷ್ಠ ಪಿಂಚಣಿ 1,000 ರೂಪಾಯಿಯಲ್ಲೇ ಕೂತಿರುವಾಗ ವಂತಿಗೆ ಏರಿಸುತ್ತೇವೆ ಎಂದು ಅವಳೆದುರು ಹೋಗಿ ನಿಲ್ಲುವ ಮುಖ ಯಾರಿಗಿದೆ? ಮೊದಲು ಪಿಂಚಣಿ ಬದುಕುವಷ್ಟಾಗಬೇಕು, ಆಮೇಲೆ ಕೈಯೊಡ್ಡಬಹುದು. ಅದಕ್ಕೆ ಆರಂಭದಲ್ಲಿ ಬೊಕ್ಕಸದ ಹಣ ಬೇಕು, 15,000ದ ಮಿತಿಯೂ ಹೋಗಬೇಕು. ಬಿಸ್ಮಾರ್ಕನೇ ಸರ್ಕಾರದ ಪಾಲು ಹಾಕದೆ ಸ್ಟಾಂಪು ಅಂಟಿಸಿರಲಿಲ್ಲ.

ಮುಂದಿನ ಭಾನುವಾರ ಇದನ್ನೆಲ್ಲ ಅಳಿಯನಿಗೆ ಹೇಳಬೇಕೆಂದು ಸಿದ್ಧನಾಗಿ ಕೂತಿದ್ದೆ. ಅವನೇ ಮಾತು ತೆಗೆದ. "ಐದು ವರ್ಷ ಕಟ್ಟಿದರೆ ನನಗೂ ಇಲ್ಲಿನ ಪಿಂಚಣಿ ಬರುತ್ತಂತೆ ಮಾವ. ಇಂಡಿಯಾ ಜೊತೆ ಒಪ್ಪಂದ ಇರೋದರಿಂದ ಬೆಂಗಳೂರಿನಲ್ಲಿ ಕಟ್ಟಿದ ವರ್ಷಗಳನ್ನೂ ಸೇರಿಸಿ ಎಣಿಸ್ತಾರಂತೆ. 67ಕ್ಕೆ ಎಷ್ಟು ಬರಬಹುದು ಅಂತ ಲೆಕ್ಕ ಹಾಕ್ತಾ ಇದೀನಿ. ನನ್ನ ಹಳೇ ಪಿಎಫ್ ಕಾಗದ ಅಮ್ಮನ ಬೀರುವಿನಲ್ಲಿ ಇರಬೇಕು, ಸ್ವಲ್ಪ ಹುಡುಕಿಸಿ ಫೋಟೋ ಕಳಿಸ್ತೀರಾ?"

ನಿನ್ನೆ ಹೋಗಿ ಹುಡುಕಿ ಕಳಿಸಿದೆ. ಅದೇ ಕಡತದಲ್ಲಿ ಭಾವನ ಪಿಂಚಣಿ ಪುಸ್ತಕವೂ ಇತ್ತು.