ಡಬ್ಬಿ ಮ್ಯಾಲಿನ ವ್ಯಾಟ್ ನಂಬಬ್ಯಾಡ್ರಿ, ಟೇಪ್ ಹಿಡಿದು ಅಳೀರಿ



ಈಗ ಎಲ್ಲಿ ನೋಡಿದ್ರೂ "200 ವ್ಯಾಟ್ ಸೋಲಾರ್ ಲೈಟ್, ಬರೇ 1,500 ರೂಪಾಯಿ" ಅನ್ನೋ ಮಾಲು. ಸಂತ್ಯಾಗ ಐತಿ, ಮೊಬೈಲ್‌ನ್ಯಾಗ ಐತಿ, ಗಾಡಿ ಮ್ಯಾಲ ಇಟ್ಕೊಂಡು ತ್ವಾಟಕ್ಕೇ ಬಂದು ಮಾರ್ತಾರ. ಆ 200 ಅನ್ನೋದು ಸುಳ್ಳು ಸಂಖ್ಯೆ. ಮಾರೋ ಹುಡುಗರ ಮ್ಯಾಲ ನನಗ ಸಿಟ್ಟಿಲ್ಲ, ಅವರದೂ ಹೊಟ್ಟಿಪಾಡು. ಸಿಟ್ಟು ಇರೂದು ಅದನ್ನ ಅಚ್ಚು ಹಾಕಿಸಿದವರ ಮ್ಯಾಲ. ಇನ್ನೊಂದಿಷ್ಟು ನಮ್ಮ ಮಂದಿ ಮ್ಯಾಲ. ಎರಡು ತಿಂಗಳಿಗೆ ಅದು ಆರಿದ ಕೂಡಲೇ "ಸೋಲಾರ್ ಅಂದ್ರ ಇಷ್ಟ ನೋಡಪಾ" ಅಂತ ಕೈಬಿಡ್ತಾರ. ಸೂರ್ಯ ಏನ್ ತಪ್ಪು ಮಾಡ್ಯಾನ?

ಲೆಕ್ಕ ಕೇಳ್ರಿ, ನಮಗೆಲ್ಲ ಬರೋ ಲೆಕ್ಕಾನ. ಛಲೋ ಪ್ಯಾನೆಲ್ ಆದ್ರ ನಡು ಮಧ್ಯಾಹ್ನದ ಬಿಸಿಲಿಗೆ ಒಂದು ಚದರ ಅಡಿಗೆ ಭಾಳ ಅಂದ್ರ 20 ವ್ಯಾಟ್ ಕೊಡ್ತೈತಿ. ಸಣ್ಣ ಪ್ಯಾನೆಲ್ ಅದಕ್ಕಿಂತ ಕಡಿಮಿ. ಆ ಲೈಟಿನ ಪ್ಯಾನೆಲ್ ಒಂದು ಅಡಿ ಉದ್ದ, ಅರ್ಧ ಅಡಿ ಅಗಲ. ಅಂದ್ರ 10 ವ್ಯಾಟ್. ನಮ್ಮ ಬಿಜಾಪುರ ಸೀಮ್ಯಾಗ ದಿನಕ್ಕ ಸುಮಾರು 5 ತಾಸಿನ ತುಂಬು ಬಿಸಿಲು ಅಂತ ಹಿಡೀರಿ, 50 ವ್ಯಾಟ್-ತಾಸು ಆತು. ಬ್ಯಾಟರಿಗೆ ಹೋಗಿ ಬರೂದ್ರಾಗ ಸೋರಿ 40 ಉಳೀತೈತಿ. 200 ವ್ಯಾಟ್ ದೀಪಕ್ಕ ಆ 40 ಹಾಕಿದ್ರ ಎಷ್ಟೊತ್ತು ಉರೀತೈತಿ? ಹನ್ನೆರಡು ನಿಮಿಷ. ರಾತ್ರಿ ಎಲ್ಲಾ ಉರೀತೈತಿ ಅಂದ್ರ ಅದು ಉರಿಸೂದು 3-4 ವ್ಯಾಟ್, ನಮ್ಮ ಮನ್ಯಾಗಿನ ಜೀರೋ ಬಲ್ಬಿನ ತಮ್ಮ. ಅಂಗಡ್ಯಾಗ ಡಬ್ಬಿ ಓದಬ್ಯಾಡ್ರಿ, ಕಿಸೆದಾಗ ಟೇಪ್ ಇಟ್ಕೊಂಡು ಹೋಗ್ರಿ.

ಇನ್ನೊಂದು ಮಾತು. ಅದರಾಗ ಬ್ಯಾಟರಿ ಇರೂದು ಎಲ್ಲಿ? ದೀಪದ ತಲ್ಯಾಗ, ಪ್ಯಾನೆಲ್ ಕೆಳಗ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ನಾವೇ ಬೇವಿನ ನೆಳ್ಳು ಹುಡುಕ್ತೀವಿ. ಬ್ಯಾಟರಿನ ಕಾದ ಹಂಚಿನ ಮ್ಯಾಲ ಕುಂದ್ರಿಸಿದ್ರ ಎಷ್ಟು ದಿನ ಬಾಳೀತು?

ಇದೇನು ಶೋಕಿ ಮಾತಲ್ರಿ. ತ್ರೀ ಫೇಸ್ ಪಾಳಿ ರಾತ್ರಿ ಬಂದ್ರ ನೀರು ಹಾಯಿಸಾಕ ನಾವು ರಾತ್ರೀನ ಹೋಗಬೇಕು. ನಿಂಬಿ ಗಿಡದ ಬುಡಕ್ಕ, ದ್ರಾಕ್ಷಿ ಸಾಲಿಗೆ, ಕಬ್ಬಿನ ಬದುವಿಗೆ. ಕೊಳಕಮಂಡಲ, ಕಟ್ಟಿಗ್ಯಾವು ಇವೆಲ್ಲ ಅದೇ ಹೊತ್ತಿಗೆ ಹೊರಬೀಳೂದು. ಹಾವು ಕಡಿದದ್ದನ್ನ ದವಾಖಾನಿಯವರು ಸರ್ಕಾರಕ್ಕ ವರದಿ ಮಾಡಬೇಕು ಅಂತ ನಮ್ಮ ರಾಜ್ಯ 2024ರಾಗ ಆದೇಶ ಮಾಡೈತಿ. ಅಂದ್ರ ಅದು ಎಂಥಾ ಸಮಸ್ಯೆ ಅಂತ ಅವರಿಗೂ ಗೊತ್ತೈತಿ. ಮೋಟರ್ ಸ್ಟಾರ್ಟರ್ ಮುಂದ, ಕೊಟಗಿ ಬಾಗಲಕ್ಕ, ಬಚ್ಚಲದ ದಾರಿಗೆ ಒಂದೊಂದು 5 ವ್ಯಾಟಿನ ಖರೇ ದೀಪ ಸಾಕು. ಅದಕ್ಕ 200 ವ್ಯಾಟ್ ಬೇಕಾಗಿಲ್ಲ.

ಸರ್ಕಾರದ ಯೋಜನಾ ಬರತಾವ ಅಂತ ಕುಂತವರಿಗೆ ಒಂದು ಮಾತು. 2024ರ ಫೆಬ್ರುವರಿಯಾಗ ಬಂದ ಪಿಎಂ ಸೂರ್ಯ ಘರ್ ಯೋಜನಾದಾಗ 1 ಕಿಲೋವ್ಯಾಟಿಗೆ 30,000, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಐತಿ. ಒಳ್ಳೇದ ಅದು, ಊರಾಗ ಆರ್‌ಸಿಸಿ ಮನಿ, ಮೀಟರ್ ಇದ್ದವರಿಗೆ. ಆದ್ರ ಅದು ಲೈನಿಗೆ ಜೋಡಿಸೋ ಸೋಲಾರ್. ಬ್ಯಾಟರಿ ಇಲ್ಲದ ಅಂಥಾ ಸೋಲಾರ್ ಲೈನ್ ಹೋದ ಕೂಡಲೇ ತಾನೂ ಬಂದ್ ಆಗತೈತಿ, ಲೈನ್‌ಮನ್ನಿಗೆ ಶಾಕ್ ಹೊಡೀಬಾರದು ಅಂತ ಹಂಗ ಮಾಡಿರ್ತಾರ. ಕುಸುಮ್ ಯೋಜನಾ ಪಂಪಿನದು. ನಮ್ಮ ತ್ವಾಟದ ತಗಡಿನ ಮನಿ ಈ ಎರಡರ ನಡುವ ಬೀಳತೈತಿ. ಕೂಡಗಿಯಾಗ 2,400 ಮೆಗಾವ್ಯಾಟ್, ಆಲಮಟ್ಟಿಯಾಗ 290 ಮೆಗಾವ್ಯಾಟ್ ಕರೆಂಟ್ ಮಾಡೋ ಶಕ್ತಿ ನಮ್ಮ ಜಿಲ್ಲಾಕ್ಕ ಐತಿ. ನಮ್ಮ ಕೊಟಗಿಗೆ 5 ವ್ಯಾಟ್ ಇಲ್ಲ! ಲಕ್ಷದ ಸಾಮಾನಿಗೆ ಸಬ್ಸಿಡಿ ಕೊಡಾವ್ರು 50 ವ್ಯಾಟ್ ಪ್ಯಾನೆಲ್ಲಿಗೆ ಯಾಕ ಕೊಡಬಾರದು ಅಂತ ರೈತ ಸಂಪರ್ಕ ಕೇಂದ್ರದಾಗ ಬರೆದು ಕೊಡ್ರಿ. ಅಲ್ಲೀತನಕ ಕತ್ತಲ್ಯಾಗ ಕುಂದ್ರೂದು ಬ್ಯಾಡ.

ನಾ ಮಾಡಿಕೊಂಡಿದ್ದು ಹಿಂಗೈತಿ. 50 ವ್ಯಾಟಿನ ಒಂದು ಪ್ಯಾನೆಲ್. 12.8 ವೋಲ್ಟ್, 20 ಆಂಪಿಯರ್-ತಾಸಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿ. ನಡುವ ಒಂದು ಚಾರ್ಜ್ ಕಂಟ್ರೋಲರ್. 12 ವೋಲ್ಟಿನ 5 ವ್ಯಾಟ್ ಬಲ್ಬ್ ಮೂರು. ಇನ್ವರ್ಟರ್ ಇಲ್ಲ, ಅದು ತಾನೇ ಕುಂತು ಕರೆಂಟ್ ತಿಂತೈತಿ. ಎಲ್ಲಾ ಸೇರಿ ಹತ್ತು ಸಾವಿರದ ಒಳಗ ಆತು, ಅರ್ಧ ರೊಕ್ಕ ಬ್ಯಾಟರಿಗೇ ಹೋತು. ಮೂರು ಬಲ್ಬ್ 6 ತಾಸು ಉರಿದ್ರ 90 ವ್ಯಾಟ್-ತಾಸು, ಎರಡು ಮೊಬೈಲ್ ಚಾರ್ಜಿಗೆ 30. ಬ್ಯಾಟರ್ಯಾಗ 256 ಹಿಡೀತೈತಿ. ಎರಡು ದಿನ ಮೋಡ ಕವಿದ್ರೂ ದೀಪ ಆರೂದಿಲ್ಲ. ಜಡಿ ಮಳಿ ಹಿಡಿದ್ರ ಮೂರನೇ ದಿನ ಒಂದೇ ಬಲ್ಬ್ ಹಚ್ಚೂದು, ಅಷ್ಟ.

"ಹಳೇ ಟ್ರ್ಯಾಕ್ಟರ್ ಬ್ಯಾಟರಿ ಐತಲ್ಲೋ ಮಾರಾಯಾ, ಅದನ್ನ ಹಚ್ಚು" ಅಂತಾರ ಕೆಲವರು. ಬ್ಯಾಡ್ರಿ. ಅದು ಎಂಜಿನ್ ಒದಿಯಾಕ ಮಾಡಿದ್ದು. ದಿನಾ ರಾತ್ರಿ ಪೂರ್ತಿ ಖಾಲಿ ಮಾಡಿದ್ರ ಒಂದು ಬ್ಯಾಸಗಿ ದಾಟೂದಿಲ್ಲ.

ಪ್ಯಾನೆಲ್ ದಕ್ಷಿಣಕ್ಕ ಮುಖ ಮಾಡಿ ಸ್ವಲ್ಪ ಇಳಿಜಾರು ಇಡ್ರಿ, 15ರಿಂದ 20 ಡಿಗ್ರಿ. ಒಂದು ಕೊಂಬಿನ ನೆಳ್ಳು ಮೂಲಿಗೆ ಬಿದ್ರೂ ಪ್ಯಾನೆಲ್ಲಿನ ಶಕ್ತಿ ಭಾಳ ಇಳೀತೈತಿ. ಜ್ವಾಳದ ರಾಶಿ ಮಾಡೋ ದಿನಗಳಾಗ ಧೂಳ ಕೂತು ಅರ್ಧ ಬಿಸಿಲು ತಿಂತೈತಿ. ನಸುಕಿನ್ಯಾಗ ಒದ್ದಿ ಅರಿವಿಲೆ ಒರಸ್ರಿ, ಕಾದಾಗ ತಣ್ಣೀರು ಹಾಕಬ್ಯಾಡ್ರಿ. ವೈರ್ ತೆಳ್ಳಂದು ತರಬ್ಯಾಡ್ರಿ, 12 ವೋಲ್ಟ್ ದೂರ ಹೋದ್ರ ಸೋರತೈತಿ, 50 ಅಡಿ ಇದ್ರ 2.5ರ ವೈರ್ ಹಾಕ್ರಿ. ಬ್ಯಾಟರಿ ಮನಿ ಒಳಗ ನೆಳ್ಳಿಗೆ.

ಬಲ್ಬ್ ಬಿಳೇದು ಬ್ಯಾಡ, ಹಳದಿ ತರ್ರಿ. ಬಿಳಿ ಬೆಳಕಿಗೆ ಹುಳ ಭಾಳ ಬರತಾವ, ಹುಳದ ಹಿಂದ ಕಪ್ಪಿ, ಕಪ್ಪಿ ಹಿಂದ ಹಾವು. ದೀಪಕ್ಕ ಮ್ಯಾಲ ಒಂದು ತಗಡಿನ ಟೊಪಗಿ ಹಾಕಿ ಬೆಳಕು ನೆಲಕ್ಕ ಬೀಳೋ ಹಂಗ ಮಾಡ್ರಿ, ದ್ರಾಕ್ಷಿ ಪಡದ ಕಡೆ ತಿರುಗಿಸಬ್ಯಾಡ್ರಿ. ಕೊಟಗಿ ದೀಪಕ್ಕ ಮಂದಿ ಬಂದಾಗಷ್ಟೇ ಹತ್ತೋ ಸೆನ್ಸರ್ ಹಾಕಿದ್ರ ದನಾನೂ ಆರಾಮ್ ಮಲಗತಾವ.

ಕೆಟ್ಟ ಮ್ಯಾಲ ಯಾರು ನೋಡ್ತಾರ ಅನ್ನೋದು ಖರೇ ಪ್ರಶ್ನೆ. ಕಂಬ ನಿಲ್ಲಿಸೋ ದಿನ ಫೋಟೋಕ್ಕ ಮಂದಿ ಇರ್ತಾರ, ಬ್ಯಾಟರಿ ಹೋದ ದಿನ ಒಬ್ಬರೂ ಇರೂದಿಲ್ಲ. ಹರೀಶ್ ಹಂದೆ ಅವರ ಸೆಲ್ಕೋ 1995ರಿಂದ ನಮ್ಮ ರಾಜ್ಯದ ಹಳ್ಳಿ ಮನಿಗಳಿಗೆ ಸೋಲಾರ್ ಹಾಕಿದ್ದು ಬ್ಯಾಂಕ್ ಸಾಲ ಜೋಡಿಸಿ, ರಿಪೇರಿ ಮಂದಿನ ಹತ್ರ ಇಟ್ಟು. ನಮ್ಮಲ್ಲೂ ಐಟಿಐ ಮುಗಿಸಿ ಖಾಲಿ ಕುಂತ ಹುಡುಗರು ಅದಾರ. ಹತ್ತು ತ್ವಾಟದವರು ಒಂದೇ ನಮೂನಿ ಸಾಮಾನು ಹಾಕಿದ್ರ ಒಬ್ಬ ಹುಡುಗನಿಗೆ ಕೆಲಸ ಆಗತೈತಿ, ಒಂದು ಕಂಟ್ರೋಲರ್ ಎಕ್ಸ್‌ಟ್ರಾ ತಂದಿಟ್ರ ಎಲ್ಲರಿಗೂ ಬರತೈತಿ.

ಅಮಾಸಿ ಆದ ಮ್ಯಾಲ ನಾವು ಐದು ಮಂದಿ ಸೊಲ್ಲಾಪುರಕ್ಕ ಹೊಂಟೀವಿ, ಒಟ್ಟಿಗೆ ತಂದ್ರ ರೇಟ್ ಇಳಸ್ತಾರ. ಬರಾವ್ರು ಎಷ್ಟು ಬಲ್ಬ್, ಎಷ್ಟು ಅಡಿ ವೈರ್ ಬೇಕಂತ ಅಳತಿ ಮಾಡಿಕೊಂಡು ಬರ್ರಿ.