ಮಳೆ ರಜೆ ಮಾತ್ರ ಊರಿಗೆ ತಕ್ಕ ಹಾಗಿದ್ದರೆ ಸಾಕೇ?

ಶಾಲೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ನಮ್ಮ ಮನೆಗಳಲ್ಲಿ ಮಕ್ಕಳು ಎದ್ದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಇವತ್ತು ರಜೆ ಉಂಟಾ? ಮಳೆ ಜೋರಾದರೆ ಜಿಲ್ಲಾಧಿಕಾರಿಯವರು ರಜೆ ಘೋಷಿಸುತ್ತಾರೆ. ಕೆಲವೊಮ್ಮೆ ಒಂದು ತಾಲೂಕಿಗೆ ಉಂಟು, ಪಕ್ಕದ ತಾಲೂಕಿಗೆ ಇಲ್ಲ. ಇದನ್ನು ಯಾರೂ ತಪ್ಪು ಎನ್ನುವುದಿಲ್ಲ. ಇಲ್ಲಿ ಹೊಳೆ ತುಂಬಿ ಹರಿಯುವಾಗ ಕೋಲಾರದ ಮಗು ಶಾಲೆಗೆ ಹೋದರೆ ಅದರಲ್ಲಿ ಅನ್ಯಾಯವೇನೂ ಇಲ್ಲವಲ್ಲ! ಆದರೆ ಊರು ನೋಡಿ ತೀರ್ಮಾನ ಮಾಡುವ ಈ ಬುದ್ಧಿ ನಮ್ಮ ಶಿಕ್ಷಣ ವ್ಯವಸ್ಥೆಗೆ ಇರುವುದು ಹೆಚ್ಚುಕಮ್ಮಿ ರಜೆಯ ವಿಷಯದಲ್ಲಿ ಮಾತ್ರ. ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಬೀದರಿನಿಂದ ಉಳ್ಳಾಲದವರೆಗೆ ಒಂದೇ ಅಚ್ಚು.

ಎಲ್ಲರಿಗೂ ಒಂದೇ ಎಂದರೆ ಸಮಾನತೆ ಎಂದು ನಾವೂ ನಂಬಿಕೊಂಡು ಬಂದವರೇ. 2025ರ ಎಸೆಸೆಲ್ಸಿ ಫಲಿತಾಂಶ ನೋಡಿ. ಅದೇ ಪುಸ್ತಕ, ಅದೇ ಪ್ರಶ್ನೆಪತ್ರಿಕೆ. ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಕ್ಕಳು ಪಾಸಾದರು, ಕಲಬುರಗಿಯಲ್ಲಿ 42. ನಮ್ಮ ಜಿಲ್ಲೆ ಫಸ್ಟ್ ಎಂದು ನಾವು ಖುಷಿಪಟ್ಟೆವು. ಖುಷಿಪಡಲಿ, ತಪ್ಪಲ್ಲ. ಆದರೆ ಜಿಲ್ಲೆಯ ಸರಾಸರಿ ಎಂಬುದರೊಳಗೆ ಕದ್ರಿಯ ಮಗುವೂ ಕಸಬಾ ಬೆಂಗರೆಯ ಮಗುವೂ ಒಂದೇ ಬೆಂಚಿನಲ್ಲಿ ಕೂತುಬಿಡುತ್ತವೆ. ಬೆಂಗರೆಯ ಮಗು ಹೊಳೆ ದಾಟಿ ಬಂದರಿಗೆ ಬರಬೇಕಾದರೆ ಫೆರಿ ಬೇಕು. ಇಲ್ಲದಿದ್ದರೆ ತಣ್ಣೀರುಬಾವಿ, ಕೂಳೂರು ಎಂದು ಸುತ್ತಿ ಬರಬೇಕು. ಈ ಎರಡು ಮಕ್ಕಳ ಶಾಲೆಗಳಿಗೆ ಮೊದಲ ಅಗತ್ಯ ಒಂದೇ ಆಗಿರಲು ಹೇಗೆ ಸಾಧ್ಯ?

ಇನ್ನೂ ಹತ್ತಿರದ ಮಾತು ಹೇಳುತ್ತೇವೆ. ನಮ್ಮ ಮಗು ಒಂದನೇ ತರಗತಿಗೆ ಹೋಗುವಾಗ ಅದರ ಬಾಯಲ್ಲಿರುವುದು ಬ್ಯಾರಿ ಭಾಷೆ. ಉಮ್ಮ ಬಡಿಸುವುದು ‘ಚೋರು’, ಪುಸ್ತಕದಲ್ಲಿರುವುದು ‘ಅನ್ನ’. ಅಷ್ಟೇ ಆಗಿದ್ದರೆ ಎರಡು ದಿನದಲ್ಲಿ ಸರಿಹೋಗುತ್ತಿತ್ತು. ಬ್ಯಾರಿ ಮಾತಿನಲ್ಲಿ ನ ಮತ್ತು ಣ, ಲ ಮತ್ತು ಳ ಬೇರೆ ಬೇರೆಯಾಗಿ ಉಳಿದಿಲ್ಲ. ಮೇಷ್ಟ್ರು ಉಕ್ತಲೇಖನ ಕೊಟ್ಟರೆ ಮಗು ‘ಕನ್ನು’ ಎಂದು ಬರೆಯುತ್ತದೆ, ‘ಮಲೆ’ ಎಂದು ಬರೆಯುತ್ತದೆ. ಅದು ತನ್ನ ಕಿವಿಗೆ ಕೇಳಿಸಿದ್ದನ್ನೇ ಪ್ರಾಮಾಣಿಕವಾಗಿ ಬರೆದಿದೆ. ಆದರೆ ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಟೀಚರಿಗೆ ಇದು ಹೇಗೆ ಗೊತ್ತಾಗಬೇಕು? ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ. ‘ಈ ಹುಡುಗ ಸ್ವಲ್ಪ ಮಂದ’ ಎಂಬ ಮಾತು ಒಂದನೇ ತರಗತಿಯಲ್ಲಿ ಅಂಟಿದರೆ ಏಳನೇ ತರಗತಿಯವರೆಗೂ ಕಳಚುವುದಿಲ್ಲ. ಮನೆಯಲ್ಲಿ ನಾವೂ ಅದನ್ನೇ ನಂಬಿ, ಇವನಿಗೆ ಓದು ಹತ್ತುವುದಿಲ್ಲ, ಅಂಗಡಿಗೆ ಹಾಕುವ ಎನ್ನುತ್ತೇವೆ.

ಇಂಥ ಊರಿನ ಶಾಲೆಯಲ್ಲಿ ಮೊದಲೆರಡು ವರ್ಷದ ಆದ್ಯತೆ ಬರವಣಿಗೆ ಅಲ್ಲ, ಮಾತು. ಕನ್ನಡವನ್ನು ಕೇಳಿಸಬೇಕು, ಆಡಿಸಬೇಕು, ಆಮೇಲೆ ಬರೆಸಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಆಸರೆ ಕೊಡಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಬ್ಯಾರಿ ಮಾಧ್ಯಮ ಶಾಲೆ ಬೇಕೆಂದು ನಾವು ಕೇಳುತ್ತಿಲ್ಲ. ಮಗುವಿನ ಬಾಯಲ್ಲಿರುವ ಮಾತು ತಪ್ಪಲ್ಲ, ಬೇರೆ ಎಂದು ತಿಳಿದ ಮೇಷ್ಟ್ರು ಸಾಕು. ಬ್ಯಾರಿ ಸಾಹಿತ್ಯ ಅಕಾಡೆಮಿ ಹುಟ್ಟಿದ್ದು 2007ರಲ್ಲಿ. ಇಂಥ ಮೇಷ್ಟ್ರುಗಳಿಗಾಗಿ ಹತ್ತಿಪ್ಪತ್ತು ಪುಟದ ಒಂದು ಕೈಪಿಡಿ ಕರಾವಳಿಯ ಪ್ರತಿ ಪ್ರಾಥಮಿಕ ಶಾಲೆಯ ಮೇಜಿನ ಮೇಲೆ ಇರಲಿ. ಒಂದು ಕವಿಗೋಷ್ಠಿಯ ಖರ್ಚಿನಲ್ಲಿ ಆಗುವ ಕೆಲಸ ಅದು.

ಊರಿನ ಅಗತ್ಯದಿಂದ ಹೊಸ ದಾರಿ ಹುಟ್ಟಿದ್ದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಇವತ್ತು ಎಲ್ಲರೂ ಹೆಸರು ಕೇಳಿರುವ ನಲಿ ಕಲಿ ಬೆಂಗಳೂರಿನ ಕಚೇರಿಯಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಎಚ್.ಡಿ.ಕೋಟೆ ತಾಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ಕಾಡಂಚಿನ ಮಕ್ಕಳಿಗೆ ಒಗ್ಗುವ ಹಾಗೆ ಕಾರ್ಡುಗಳನ್ನು ಮಾಡಿಕೊಂಡರು. ಅದು ರಾಜ್ಯಕ್ಕೆಲ್ಲ ಹರಡಿದಾಗ ಮತ್ತೆ ಒಂದೇ ಅಚ್ಚಾಯಿತು ಎಂಬುದು ಬೇರೆ ಕತೆ.

ಹಾಗಂತ ‘ಊರಿಗೊಂದು ಶಿಕ್ಷಣ’ ಎಂದು ಯಾರಾದರೂ ಹೇಳಿದ ತಕ್ಷಣ ಚಪ್ಪಾಳೆ ತಟ್ಟಬಾರದು. ಈ ಮಾತಿನ ಇನ್ನೊಂದು ಮುಖವನ್ನು ನಮ್ಮ ಹಿರಿಯರ ಕಾಲ ಕಂಡಿದೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಗೋಪಾಲಾಚಾರಿಯವರು ಒಂದು ಯೋಜನೆ ತಂದರು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಮಗು ಮನೆಯಲ್ಲಿ ತಂದೆಯ ಕಸುಬು ಕಲಿಯಲಿ ಎಂದು. ಪಟ್ಟಣದ ಮಕ್ಕಳಿಗೆ ಈ ನಿಯಮವಿರಲಿಲ್ಲ. ಎರಡು ಪಾಳಿಯಲ್ಲಿ ಹೆಚ್ಚು ಮಕ್ಕಳಿಗೆ ಶಾಲೆ ಸಿಗುತ್ತದೆ ಎಂಬ ಲೆಕ್ಕವೂ ಅದರ ಹಿಂದೆ ಇತ್ತು. ಆದರೆ ಜನ ಅದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ವಿರೋಧಿಸಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಬಳಿಕ ಬಂದ ಕಾಮರಾಜ್ ಯೋಜನೆಯನ್ನೇ ಕೈಬಿಟ್ಟರು. ಆಗ ನಮ್ಮ ದಕ್ಷಿಣ ಕೆನರಾ ಜಿಲ್ಲೆಯೂ ಮದ್ರಾಸ್ ರಾಜ್ಯದಲ್ಲೇ ಇತ್ತು ಎಂಬುದನ್ನು ನೆನಪಿಡಿ. ಮೀನು ಹೊರುವವನ ಮಗ ಮೀನು, ಬೀಡಿ ಕಟ್ಟುವವಳ ಮಗಳು ಬೀಡಿ! ಆ ಯೋಜನೆ ಉಳಿದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಇವತ್ತು ಈ ಪುಟವನ್ನು ಓದುತ್ತಿದ್ದರು?

ಹರೇಕಳ ಹಾಜಬ್ಬರು ಈ ವಿಷಯದಲ್ಲಿ ತಜ್ಞರಿಗಿಂತ ಸ್ಪಷ್ಟವಾಗಿದ್ದರು. ವಿದೇಶಿಯೊಬ್ಬರು ಕಿತ್ತಳೆಯ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟ ಅವರದು. ತನ್ನ ಊರು ನ್ಯೂಪಡ್ಪುವಿನ ಮಕ್ಕಳಿಗೆ ಕಿತ್ತಳೆ ಮಾರಲು ಕಲಿಸಿ ಎಂದು ಅವರು ಕೇಳಲಿಲ್ಲ. ಶಾಲೆ ಕೇಳಿದರು, ಆಮೇಲೆ ಹೈಸ್ಕೂಲು ಕೇಳಿದರು, 2020ರಲ್ಲಿ ಪದ್ಮಶ್ರೀ ಪ್ರಕಟವಾದ ಮೇಲೂ ಪಿಯು ಕಾಲೇಜು ಕೇಳುತ್ತಲೇ ಇದ್ದರು. ಆ ಊರಿಗೆ ಮೊದಲು ಏನು ಬೇಕು ಎಂದು ಅವರಿಗೆ ಗೊತ್ತಿತ್ತು. ಎಲ್ಲಿಯವರೆಗೆ ಹೋಗಬೇಕು ಎಂಬುದರಲ್ಲಿ ಮಾತ್ರ ಬೇರೆ ಊರಿಗಿಂತ ಒಂದು ಮೆಟ್ಟಿಲೂ ಕಡಿಮೆ ಒಪ್ಪಲಿಲ್ಲ.

ನಾವು ಹೇಳುವುದೂ ಅದನ್ನೇ. ಬದಲಾಗಬೇಕಾದದ್ದು ದುಡ್ಡು, ಸಮಯ, ಮೇಷ್ಟ್ರ ಗಮನ ಎಲ್ಲಿ ಮೊದಲು ಬೀಳಬೇಕು ಎಂಬುದು. ಕಲಿಯಬೇಕಾದ ಗಣಿತ, ವಿಜ್ಞಾನ, ಇಂಗ್ಲಿಷ್ ಅಲ್ಲ. ಬೆಳ್ತಂಗಡಿ, ಸುಳ್ಯದ ಒಳಗಿನ ಊರಿನಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿಗೆ ಬೇಕಾದದ್ದು ಸಂಜೆ ಕತ್ತಲಾಗುವ ಮೊದಲು ಮನೆ ಮುಟ್ಟಿಸುವ ಬಸ್ಸು ಅಥವಾ ಒಂದು ಒಳ್ಳೆಯ ಹಾಸ್ಟೆಲ್. ಉಳ್ಳಾಲದ ಕಡಲ ಬದಿಯಲ್ಲಿ ಚಿಂತೆ ಹುಡುಗರದು. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿದರೆ ದಕ್ಕೆಯಲ್ಲಿ ಕೈಗೆ ಕಾಸು ಸಿಗುತ್ತದೆ. ಒಂಬತ್ತು, ಹತ್ತನೇ ತರಗತಿಯ ಹಾಜರಿ ಪುಸ್ತಕವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದ ತಿಂಗಳು ಅದು.

ಇಲ್ಲಿ ಸರಕಾರವನ್ನು ಮಾತ್ರ ದೂರಿದರೆ ನಮಗೇ ನಾಚಿಕೆ. ನಮ್ಮ ಜಮಾಅತ್‌ಗಳು, ಟ್ರಸ್ಟ್‌ಗಳು ಕಟ್ಟಿದ ಶಾಲೆಗಳನ್ನೇ ನೋಡಿ. ಎಲ್ಲ ಕಡೆ ಅದೇ ಇಂಗ್ಲಿಷ್ ಮೀಡಿಯಂ, ಅದೇ ಟೈ, ಅದೇ ಸ್ಮಾರ್ಟ್ ಕ್ಲಾಸ್ ಬೋರ್ಡು. ಊರಿನಲ್ಲಿ ಏನು ಕೊರತೆ ಇದೆ ಎಂದು ಕೇಳಿ ಶುರು ಮಾಡಿದವು ಎಷ್ಟು? ನಸುಕಿನಲ್ಲಿ ಎದ್ದು ಮದ್ರಸಕ್ಕೆ ಹೋಗಿ, ಅಲ್ಲಿಂದ ಓಡಿ ಶಾಲೆಗೆ ಹೋಗುವ ಮಗು ಎಷ್ಟು ಹೊತ್ತಿಗೆ ತಿಂಡಿ ತಿನ್ನುತ್ತದೆ ಎಂದು ಉಸ್ತಾದರೂ ಮೇಷ್ಟ್ರೂ ಒಟ್ಟಿಗೆ ಕೂತು ಮಾತಾಡಿದ ಊರು ಎಷ್ಟು? ಈ ವೇಳಾಪಟ್ಟಿ ನಮ್ಮ ಕೈಯಲ್ಲೇ ಇರುವುದು, ಯಾವ ಮಂತ್ರಿಯ ಸಹಿಯೂ ಬೇಡ.

ಕಾನೂನಿನಲ್ಲಿ ದಾರಿ ಇಲ್ಲ ಎನ್ನುವ ಹಾಗೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರಕಾರಿ ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕಾದದ್ದು ಆ ಶಾಲೆಯದೇ ಸಮಿತಿ, ನಮ್ಮ ಕಡೆ ಎಸ್‌ಡಿಎಂಸಿ ಎನ್ನುತ್ತೇವಲ್ಲ, ಅದು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಫೆರಿಯ ಸಮಯ, ಒಂದನೇ ತರಗತಿಯ ಭಾಷೆ, ಆಗಸ್ಟಿನ ಹಾಜರಿ, ಎಲ್ಲವನ್ನೂ ಆ ಯೋಜನೆಯಲ್ಲಿ ಬರೆಸಬಹುದು. ಆದರೆ ನಮ್ಮಲ್ಲಿ ತಂದೆ ಗಲ್ಫ್‌ನಲ್ಲಿ, ಉಮ್ಮನಿಗೆ ಸಭೆ ಇರುವುದೇ ಗೊತ್ತಿಲ್ಲ. ಸಹಿ ಮಾತ್ರ ಮನೆಗೆ ಬಂದು ಹೋಗುತ್ತದೆ.

ಈ ತಿಂಗಳು ನಿಮ್ಮೂರಿನ ಶಾಲೆಗೆ ಹೋಗಿ ಆ ಯೋಜನೆಯ ಪ್ರತಿ ಕೇಳಿ. ಮುಖ್ಯೋಪಾಧ್ಯಾಯರಲ್ಲಿ ನಮ್ಮದೂ ಒಂದು ವಿನಂತಿ ಇದೆ: ಸಭೆಯನ್ನು ಉಮ್ಮಂದಿರು ಬೀಡಿ ಬ್ರಾಂಚಿಗೆ ಹೋಗುವ ಹೊತ್ತಿಗೆ ಇಡಬೇಡಿ.